ಹಿಂದಿನ ಸಾಲಿನ ಕೊನೆಯವನು

ಮೂರನೆಯ ಬುಧವಾರ ಮಧ್ಯಾಹ್ನದ ಹೊತ್ತಿಗೆ ಅವರು 1949ನ್ನು ಮುಗಿಸಿದರು.

“ಇನ್ನು ಐವತ್ತು,” ಎಂದು ಮಿಸೆಸ್ ಕಿರ್ಬಿ ಗೋಡೆಯಿಂದ ಮುಂದಿನ ಚೌಕಟ್ಟನ್ನು ಇಳಿಸಿ ಮೇಜಿನ ಮೇಲಿಟ್ಟರು. ವಿಲ್ಫ್ ಸ್ಪರ್ಲಿಂಗ್ ಕನ್ನಡಕ ಒರೆಸಿಕೊಂಡು ಬಗ್ಗಿದ. ಹದಿನಾಲ್ಕು ವರ್ಷ ಕೌಂಟಿ ತಂಡಕ್ಕೆ ವೇಗದ ಬೌಲಿಂಗ್ ಮಾಡಿದ ಅವನ ಬಲಭುಜ ಈಗ, ಎಪ್ಪತ್ತೊಂದರಲ್ಲಿ, ಕೋಟಿನ ತೋಳಿಗೆ ಕೈ ತೂರಿಸುವುದಕ್ಕೂ ಸತಾಯಿಸುತ್ತಿತ್ತು. ಆದರೆ ಮುಖಗಳು ಮರೆತಿರಲಿಲ್ಲ. ಸ್ಟೆನ್‌ಬರಿಯ ಹಳೆಯ ಪೆವಿಲಿಯನ್ನನ್ನು ಬರುವ ವಸಂತದಲ್ಲಿ ಕೆಡವುವವರಿದ್ದರು. ಅದರ ಉದ್ದನೆಯ ಓಣಿಯ ಗೋಡೆಗಳ ಮೇಲೆ, ವರ್ಷಕ್ಕೊಂದು ತಂಡದ ಫೋಟೋದಂತೆ, ನೂರು ವರ್ಷದ ಆಟಗಾರರು ಕೈಕಟ್ಟಿ ಕೂತಿದ್ದರು. ಅರ್ಧ ಜನರಿಗೆ ಹೆಸರೇ ಇರಲಿಲ್ಲ. ಹೆಸರು ಹೇಳುವಷ್ಟು ನೆನಪು ಉಳಿದವನು ವಿಲ್ಫ್ ಒಬ್ಬನೇ ಎಂದು ಕ್ಲಬ್ಬಿನಿಂದ ಕಾಗದ ಬಂದಿತ್ತು. ಬರೆದುಕೊಳ್ಳುವ ಕೆಲಸ ಮಿಸೆಸ್ ಕಿರ್ಬಿಯದು. ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತರಾದ ಹೆಂಗಸು; ಬಿಳಿಯ ಕೈಗವಸು ತೊಟ್ಟು, ಪೆನ್ಸಿಲ್ ಚೂಪು ಮಾಡಿಕೊಂಡು ಕೂರುತ್ತಿದ್ದರು.

“ಇವನ್ಯಾರು, ಇಷ್ಟುದ್ದ ಕಿವಿಯವನು?”

“ಟೆಡ್ ಗಾಸ್ಲಿಂಗ್. ಆ ಕಿವಿ ಮೇಲೇ ಗಾಳಿ ಯಾವ ಕಡೆ ಅಂತ ಹೇಳೋನು. ಕ್ಯಾಚ್ ಮಾತ್ರ ಒಂದೂ ನಿಲ್ತಿರ್ಲಿಲ್ಲ. ಅವನ ಕೈಗೆ ಅವನ ಕೂಸನ್ನ ಕೊಡೋದಕ್ಕೂ ಹೆಂಡ್ತಿ ಹೆದರೋಳು.”

“ಅವರ ಹಿಂದೆ ಇರೋ ಬೋಳುತಲೆ?”

“ಅದು ತಲೆ ಅಲ್ಲ ಮೇಡಂ, ಕಿಟಕಿ ಗಾಜು.”

ಮಿಸೆಸ್ ಕಿರ್ಬಿ ನಕ್ಕರು. ನಡುವಿನ ಕುರ್ಚಿಯಲ್ಲಿ, ಕಾಲ ಮೇಲೆ ಕಾಲು ಹಾಕಿ, ಪಟ್ಟೆಯ ಕೋಟು ತೊಟ್ಟು ಕೂತವನ ಮೇಲೆ ಪೆನ್ಸಿಲ್ ಇಟ್ಟರು. “ಇವರನ್ನ ಕೇಳೋದು ಬೇಡ. ನಮ್ಮ ಅಧ್ಯಕ್ಷರು. ಆಗ್ಲೇ ಕ್ಯಾಪ್ಟನ್ನಾ?”

“ಆ ವರ್ಷ ಆದ್ರು. ಮಿಸ್ಟರ್ ಡಾಲ್ಟ್ರಿ. ಇನಿಷಿಯಲ್ಲು ಹೆಸರಿನ ಮುಂದೆ ಬರೀರಿ. ಸಂಬಳ ತಗೊಳ್ಳದೆ ಆಡೋ ದೊಡ್ಡೋರಿಗೆ ಮುಂದೆ. ನಮ್ಮಂಥ ಕೂಲಿಯವರಿಗೆ ಹಿಂದೆ. ಮೈದಾನಕ್ಕೆ ಇಳಿಯೋ ಬಾಗಿಲೂ ಬೇರೆ ಬೇರೆ.”

ಹೀಗೆ ಮಾತಾಡುತ್ತಲೇ ವಿಲ್ಫ್‌ನ ಕಣ್ಣು ಓಣಿಯುದ್ದಕ್ಕೂ ಜಾರಿತು. ಐವತ್ತೊಂದು. ಐವತ್ತೆರಡು. ಅದರಾಚೆ, ಬೆಂಕಿ ಆರಿಸುವ ನೀರಿನ ಕೊಳವೆಯ ಪಕ್ಕದಲ್ಲಿ, ಐವತ್ತಮೂರು. ಮೊದಲ ಬುಧವಾರ ಒಳಗೆ ಕಾಲಿಟ್ಟಾಗಲೇ ಅವನು ಅದು ಎಲ್ಲಿದೆಯೆಂದು ನೋಡಿಕೊಂಡಿದ್ದ. ಹತ್ತಿರ ಹೋಗಿರಲಿಲ್ಲ.

ಆ ಚಿತ್ರದಲ್ಲಿ ಹಿಂದಿನ ಸಾಲಿನ ಕೊನೆಯವನು ಡೆನ್ಜಿಲ್ ಟ್ರೆವೆನಾ. ಕಾರ್ನ್‌ವಾಲ್ ಕಡೆಯ ಹುಡುಗ, ಹತ್ತೊಂಬತ್ತು ವರ್ಷ, ತೆಳ್ಳಗೆ, ಬ್ಯಾಟಿಂಗ್ ನೋಡುವುದಕ್ಕೆ ಚೆಂದ. ಆ ಚಿತ್ರ ತೆಗೆದು ಎರಡು ತಿಂಗಳಾಗುವ ಮೊದಲೇ ಅವನು ಸತ್ತ. ಊರಿಗೆಲ್ಲ ಗೊತ್ತಿದ್ದ ಸಂಗತಿಯೆಂದರೆ, ಜುಲೈ ತಿಂಗಳ ಒಂದು ಸಂಜೆ ಕಂಠಮಟ್ಟ ಕುಡಿದು, ಬಾಡಿಗೆ ಮನೆಯ ಮೆಟ್ಟಿಲಿನಿಂದ ಉರುಳಿ, ತಲೆಯೊಡೆದುಕೊಂಡ ಎಂಬುದು. ಮರಣ ವಿಚಾರಣೆಯಲ್ಲಿ ಬೈಬಲ್ ಹಿಡಿದು ನಿಂತು, “ನಾವಿಬ್ಬರೂ ರೈಲ್ವೆ ಪಬ್ಬಿನಲ್ಲಿ ಕುಡಿದೆವು, ಅವನು ಐದು ಲೋಟ ಕುಡಿದ,” ಎಂದು ಹೇಳಿದವನು ವಿಲ್ಫ್. ಅದರಲ್ಲಿ ಒಂದು ಮಾತೂ ನಿಜವಾಗಿರಲಿಲ್ಲ.

ಶುಕ್ರವಾರ ಸಂಜೆ ಮನೆಯ ಫೋನು ಬಡಿದುಕೊಂಡಿತು. ಹೆಂಡತಿ ಹೋದ ಮೇಲೆ ಆ ಫೋನಿಗೆ ಬರುವವರು ಹಲ್ಲಿನ ಡಾಕ್ಟರು ಮತ್ತು ತಪ್ಪು ನಂಬರಿನವರು ಮಾತ್ರ.

“ವಿಲ್ಫ್. ಪೆವಿಲಿಯನ್ ಕಡೆ ಹೋಗಿ ಬರ್ತಿದ್ದೀಯಂತೆ.” ದನಿ ಮುದಿಯಾಗಿತ್ತು, ಆದರೆ ವಿಲ್ಫ್ ತನಗೆ ಗೊತ್ತಿಲ್ಲದೆಯೇ ಎದ್ದು ನಿಂತಿದ್ದ.

“ಹೌದು, ಮಿಸ್ಟರ್ ಡಾಲ್ಟ್ರಿ.”

“ಒಳ್ಳೇದು, ಒಳ್ಳೇದು. ಎಲ್ಲೀವರೆಗೆ ಬಂದ್ರಿ?”

“ಐವತ್ತು ಆಯ್ತು.”

“ನಮ್ಮ ವಯಸ್ಸಿಗೆ ನೆನಪು ಕೈಕೊಡುತ್ತೆ. ಅದರಲ್ಲಿ ನಾಚಿಕೆ ಏನಿಲ್ಲ. ಯಾರೂ ತಪ್ಪು ತಿಳ್ಕೊಳ್ಳಲ್ಲ.” ಫೋನು ಇಟ್ಟ ಸದ್ದು ಬಂತು.

ಮುಂದಿನ ಬುಧವಾರ ಐವತ್ತಮೂರರ ಜಾಗದಲ್ಲಿ ಮೊಳೆ ಮಾತ್ರ ಇತ್ತು. ಸುತ್ತಲಿನ ಗೋಡೆ ಸಿಗರೇಟಿನ ಹೊಗೆಗೆ ಕಂದಾಗಿ, ಚೌಕಟ್ಟು ಇದ್ದಷ್ಟು ಜಾಗ ಬೆಳ್ಳಗೆ ಉಳಿದಿತ್ತು.

“ಅಧ್ಯಕ್ಷರ ಡ್ರೈವರ್ ಬಂದು ತಗೊಂಡು ಹೋದನಂತೆ,” ಎಂದರು ಮಿಸೆಸ್ ಕಿರ್ಬಿ. “ಚೌಕಟ್ಟಿಗೆ ಹುಳ ಬಿದ್ದಿತ್ತಂತೆ. ಇಲ್ಲಿರೋ ಎಲ್ಲಾ ಚೌಕಟ್ಟಿಗೂ ಹುಳ ಬಿದ್ದಿದೆ. ಅದೊಂದೇ ಯಾಕೆ ಬೇಕಾಯ್ತು?”

ವಿಲ್ಫ್‌ನ ಎದೆಯ ಮೇಲಿನ ಕಲ್ಲು ಇಳಿಯಬೇಕಾಗಿತ್ತು. ಇಳಿಯಲಿಲ್ಲ, ಬೇರೆಡೆಗೆ ಸರಿದು ಕೂತಿತು. ಆ ಬಿಳಿಯ ಚೌಕ ಚಿತ್ರಕ್ಕಿಂತ ಹೆಚ್ಚು ಕಣ್ಣಿಗೆ ಹೊಡೆಯುತ್ತಿತ್ತು. ಚಹಾ ಕುಡಿಯುವಾಗ ಅದಕ್ಕೆ ಬೆನ್ನು ಹಾಕಿ ಕೂತ. ಬೆನ್ನಿಗೂ ಅದು ಗೊತ್ತಾಗುತ್ತಿತ್ತು.

“ಇರ್ಲಿ ಬಿಡಿ,” ಎಂದರು ಮಿಸೆಸ್ ಕಿರ್ಬಿ ಹಂದಿಮಾಂಸದ ಕಡುಬನ್ನು ಎರಡು ಮಾಡುತ್ತ. “ಊರ ಪತ್ರಿಕೆಗೆ ಬರೆದಿದ್ದೀನಿ. ಯಾರ ಮನೇಲಾದ್ರೂ ಹಳೇ ಕ್ರಿಕೆಟ್ ಫೋಟೋ ಇದ್ರೆ ಕಳಿಸ್ಕೊಡಿ ಅಂತ. ಒಂದಲ್ಲ ಒಂದು ಪ್ರತಿ ಸಿಕ್ಕೇ ಸಿಗುತ್ತೆ.”

ಶನಿವಾರ ಹನ್ನೊಂದಕ್ಕೆ ಡಾಲ್ಟ್ರಿಯೇ ಮನೆಗೆ ಬಂದ. ಉದ್ದನೆಯ ಹಸಿರು ಕಾರು ರೈಲು ಹಳಿಯ ಪಕ್ಕದ ಆ ಕಿರಿದಾದ ಬೀದಿಯನ್ನು ಪೂರಾ ತುಂಬಿಕೊಂಡು ನಿಂತಿತು. ಅವನಿಗೆ ಎಪ್ಪತ್ತೆಂಟಾದರೂ ಬೆನ್ನು ನೆಟ್ಟಗಿತ್ತು. ಕೋಟು ಬಿಚ್ಚಲಿಲ್ಲ. ವಿಲ್ಫ್ ಕುರ್ಚಿ ಎಳೆದು ಕೊಟ್ಟ; ಕೂತ ಮೇಲೆ ಡಾಲ್ಟ್ರಿ ಕೋಣೆಯನ್ನೆಲ್ಲ ಒಮ್ಮೆ ಕಣ್ಣಿನಲ್ಲೇ ಅಳೆದ.

“ನಿನ್ನ ಹೆಂಡ್ತಿ ವಿಷಯ ಕೇಳಿ ಬೇಜಾರಾಯ್ತು.”

“ಅವಳು ಹೋಗಿ ಆರು ವರ್ಷ ಆಯ್ತು, ಮಿಸ್ಟರ್ ಡಾಲ್ಟ್ರಿ.”

“ಹೌದಾ? ನೋಡು ಮತ್ತೆ.” ಕೈಗವಸನ್ನು ಮೊಣಕಾಲ ಮೇಲೆ ಸಾಪು ಮಾಡಿದ. “ಆ ಹೆಂಗಸು ಪತ್ರಿಕೆಗೆ ಬರೆದಿದ್ದಾಳೆ. ನೀನು ಹೇಳಿದ್ಯಾ ಬರಿ ಅಂತ?”

“ಇಲ್ಲ.”

“ಸರಿ. ನಿನ್ನ ಒಳ್ಳೇದಕ್ಕೇ ಒಂದು ಮಾತು ಹೇಳ್ತೀನಿ ಕೇಳು. ಅವತ್ತು ವಿಚಾರಣೆಯಲ್ಲಿ ಯಾರ್ಯಾರು ನಿಂತಿದ್ರು, ನೆನಪಿದ್ಯಾ? ಮನೆ ಒಡತಿ. ಡಾಕ್ಟ್ರು. ನೀನು. ನನ್ನನ್ನ ಯಾರೂ ಕರೀಲಿಲ್ಲ. ನಾನು ಒಂದು ಅಕ್ಷರ ಹೇಳಿಲ್ಲ, ಒಂದು ಸಹಿ ಹಾಕಿಲ್ಲ. ಬೈಬಲ್ ಮುಟ್ಟಿ ಹೇಳಿದ್ದು ನೀನು. ಕಾಗದದಲ್ಲಿ ಇರೋ ಹೆಸರು ನಿಂದು.”

“ಹೇಳು ಅಂದಿದ್ದು ನೀವು.”

“ಅಂದಿದ್ನಾ?” ಡಾಲ್ಟ್ರಿ ಮೃದುವಾಗಿ ಕೇಳಿದ. “ಯಾರು ಕೇಳಿಸ್ಕೊಂಡ್ರು?”

ಹಳಿಯ ಮೇಲೆ ಗೂಡ್ಸ್ ಗಾಡಿ ಹೋಯಿತು. ಆಮೇಲೆ ಡಾಲ್ಟ್ರಿ ಎದ್ದು ವಿಲ್ಫ್‌ನ ಕೆಟ್ಟ ಭುಜದ ಮೇಲೆ ಕೈಯಿಟ್ಟು, ಮೆಲ್ಲಗೆ ಎರಡು ಸಲ ತಟ್ಟಿ ಹೊರಟುಹೋದ. ಆ ನೋವು ರಾತ್ರಿಯವರೆಗೂ ಬಿಡಲಿಲ್ಲ.

ಆ ವಾರವೆಲ್ಲ ವಿಲ್ಫ್‌ಗೆ ಊಟ ರುಚಿಸಲಿಲ್ಲ. ಮಂಗಳವಾರ ಮಿಸೆಸ್ ಕಿರ್ಬಿಗೆ ಫೋನು ಮಾಡಿ ಶೀತವಾಗಿದೆ, ಬರುವುದಿಲ್ಲ ಎಂದು ಹೇಳುವವನಿದ್ದ. ಅವರೇ ಮೊದಲು ಮಾಡಿದರು. ದನಿಯಲ್ಲಿ ಎಂದಿನ ಉತ್ಸಾಹವಿರಲಿಲ್ಲ.

“ನಾಳೆ ತಪ್ಪಿಸ್ಬೇಡಿ ಸ್ಪರ್ಲಿಂಗ್ ಅವರೇ. ಒಂದು ಫೋಟೋ ಬಂದಿದೆ. ನಂಗೆ ಅರ್ಥ ಆಗ್ತಿಲ್ಲ.”

ಪೇಟೆಯಲ್ಲಿ ಔಷಧಿ ಅಂಗಡಿ ಇಟ್ಟುಕೊಂಡು, ಬಿಡುವಿನಲ್ಲಿ ಕ್ಲಬ್ಬಿಗೆ ಫೋಟೋ ತೆಗೆಯುತ್ತಿದ್ದ ಮನುಷ್ಯ ಸತ್ತು ಬಹಳ ವರ್ಷಗಳಾಗಿದ್ದವು. ಅವನ ಮೊಮ್ಮಗಳು ಪತ್ರಿಕೆ ನೋಡಿ, ಅಟ್ಟದಲ್ಲಿದ್ದ ಗಾಜಿನ ಫಲಕಗಳ ಪೆಟ್ಟಿಗೆಯನ್ನೇ ತಂದುಕೊಟ್ಟಿದ್ದಳು. ಹೆಚ್ಚಿನವು ತಂಡದ ಚಿತ್ರಗಳು, ಬಹುಮಾನ ಕೊಡುವ ಚಿತ್ರಗಳು. ಒಂದು ಮಾತ್ರ ಬೇರೆ. ಪೆವಿಲಿಯನ್ನಿನ ಮೇಲಿನ ಕಿಟಕಿಯಿಂದ ಹಿತ್ತಿಲಿನಲ್ಲಿ ಬಲೆ ಕಟ್ಟಿದ ಅಭ್ಯಾಸದ ನೆಟ್ಟುಗಳ ಕಡೆಗೆ ತೆಗೆದದ್ದು. ಮಳೆ ನಿಂತ ಬೆಳಕು ಅವನಿಗೆ ಹಿಡಿಸಿರಬೇಕು. ಅಂಚಿನಲ್ಲಿ ಸೂಜಿಯಿಂದ ತಾರೀಖು ಕೆತ್ತಿತ್ತು: 22 ಜುಲೈ 1953.

ಮಿಸೆಸ್ ಕಿರ್ಬಿ ದೊಡ್ಡದಾಗಿ ಅಚ್ಚು ಹಾಕಿಸಿದ್ದರು. ವಿಲ್ಫ್ ನಿಂತೇ ನೋಡಿದ.

ನೆಟ್ಟಿನ ಒಳಗೆ ಒಬ್ಬ ಹುಡುಗ ಒಂದು ಮೊಣಕಾಲೂರಿ ಕೂತಿದ್ದ. ಟೋಪಿ ನೆಲದ ಮೇಲೆ. ಒಂದು ಕೈ ಕಿವಿಯ ಹಿಂದೆ. ಈಚೆಗೆ ಒಬ್ಬ ಎತ್ತರದ ಬೌಲರ್ ಅರ್ಧ ಪಿಚ್ಚಿನವರೆಗೆ ಬಂದು ನಿಂತುಬಿಟ್ಟಿದ್ದ. ಪಕ್ಕದಲ್ಲಿ ಕೊಡೆ ಹಿಡಿದ ಮೂರನೆಯವನು, ಪಟ್ಟೆಯ ಕೋಟು. ಅವನ ಇನ್ನೊಂದು ಕೈ ನೆಟ್ಟಗೆ ಚಾಚಿತ್ತು. ಹುಡುಗನ ಕಡೆಗಲ್ಲ. ಬೌಲರ್ ಓಟ ಶುರುಮಾಡುವ ಗುರುತಿನ ಕಡೆಗೆ.

“ಈ ಕೊಡೆಯವರು ಅಧ್ಯಕ್ಷರು, ಅಲ್ವಾ?” ಮಿಸೆಸ್ ಕಿರ್ಬಿ ಮೆಲ್ಲಗೆ ಕೇಳಿದರು. “ಇದು ನೀವು. ಕೂತಿರೋ ಹುಡುಗ ಯಾರು? ಏನಾಗ್ತಿದೆ ಇಲ್ಲಿ?”

ಅವನು ಗೊತ್ತಿಲ್ಲ ಎನ್ನಬಹುದಿತ್ತು. ನೆನಪು ಕೈಕೊಟ್ಟಿತೆಂದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಬಾಯಿ ತೆರೆದದ್ದೂ ಅದಕ್ಕೇ. ಆದರೆ ಕಣ್ಣು ಆ ಹುಡುಗನ ಹೆಬ್ಬೆರಳಿನ ಮೇಲೆ ನಿಂತಿತ್ತು. ಅಷ್ಟು ದೂರದಿಂದ ತೆಗೆದರೂ ಚೆನ್ನಾಗಿ ಮೂಡಿತ್ತು: ಹೆಬ್ಬೆರಳು ಬ್ಯಾಟಿನ ಹಿಡಿಯನ್ನು ಇನ್ನೂ ಬಿಟ್ಟಿರಲಿಲ್ಲ.

“ಡೆನ್ಜಿಲ್ ಟ್ರೆವೆನಾ,” ಎಂದ. “ಬರ್ಕೊಳ್ಳಿ. ಮುಂದಿಂದೂ ಬರ್ಕೊಳ್ಳಿ. ಮಧ್ಯೆ ಏನೂ ಕೇಳ್ಬೇಡಿ, ಕೇಳಿದ್ರೆ ನಿಂತು ಹೋಗುತ್ತೆ.”

ಅಂದು ಪಂದ್ಯದಲ್ಲಿ ಎದುರಾಳಿಯ ವೇಗದ ಚೆಂಡಿಗೆ ಡೆನ್ಜಿಲ್ ಹೆದರಿ ಪಕ್ಕಕ್ಕೆ ಸರಿದು ಔಟಾಗಿದ್ದ. ನೋಡುತ್ತಿದ್ದವರಲ್ಲಿ ಯಾರೋ ನಕ್ಕಿದ್ದರು. ಮಳೆ ಬಂದು ಆಟ ಬೇಗ ಮುಗಿಯಿತು, ಜನ ಹೋದರು. ಆಗ ಡಾಲ್ಟ್ರಿ ಇಬ್ಬರನ್ನೂ ಹಿತ್ತಿಲಿಗೆ ಕರೆದ. “ಇವನ ಹೆದರಿಕೆ ಬಿಡಿಸ್ಬೇಕು. ಗಿಡ್ಡ ಚೆಂಡು ಹಾಕು, ಎದೆಗೆ ಏಳೋ ಹಾಗೆ. ಇವನು ಸರಿಯೋದು ನಿಲ್ಲಿಸೋವರೆಗೆ ಹಾಕು.” ಒದ್ದೆ ನೆಲ, ಚೆಂಡು ಒಮ್ಮೆ ಜಾರುತ್ತಿತ್ತು, ಒಮ್ಮೆ ನೆಗೆಯುತ್ತಿತ್ತು. ತಲೆಗೆ ಹೆಲ್ಮೆಟ್ ಎಂಬುದನ್ನು ಆಗ ಯಾರೂ ಕಂಡಿರಲಿಲ್ಲ. ವಿಲ್ಫ್ ಮೊದಲು ಮೆಲ್ಲಗೆ ಹಾಕಿದ. “ನೀನೇನು ಇವನ ಸೋದರತ್ತೆಯೇನಯ್ಯ?” ಎಂದ ಡಾಲ್ಟ್ರಿ. “ಕೌಂಟಿ ಟೋಪಿ ಬೇಕು, ತಂಡದಲ್ಲಿ ಕಾಯಂ ಜಾಗ ಬೇಕು ಅಂತೀಯ, ಅದೇನು ಅತ್ತೆಯರಿಗೆ ಕೊಡೋದಾ?” ಆಮೇಲೆ ವಿಲ್ಫ್ ಜೋರಾಗಿ ಹಾಕಿದ. ಅರ್ಧ ಗಂಟೆಯ ಮೇಲೆ ಒಂದು ಚೆಂಡು ಕಿವಿಯ ಹಿಂದೆ ಬಡಿಯಿತು. ಒದ್ದೆ ಹಲಗೆಗೆ ಸುತ್ತಿಗೆ ಬಿದ್ದಂಥ ಸದ್ದು. ವಿಲ್ಫ್ ಓಡಿದ, ಡಾಲ್ಟ್ರಿ ಕೈ ಚಾಚಿ, “ವಾಪಸ್ ಹೋಗು. ಎದ್ದೇಳ್ತಾನೆ,” ಎಂದ. ಡೆನ್ಜಿಲ್ ಎದ್ದ. ನಕ್ಕ ಕೂಡ. ವಿಲ್ಫ್ ವಾಪಸ್ ಹೋಗಿ ಇನ್ನೂ ನಾಲ್ಕು ಚೆಂಡು ಹಾಕಿದ.

“ಆ ನಾಲ್ಕಕ್ಕೂ ಅವನು ಸರೀಲಿಲ್ಲ,” ಎಂದ ವಿಲ್ಫ್. “ಮಿಸ್ಟರ್ ಡಾಲ್ಟ್ರಿ, ‘ನೋಡ್ದ್ಯಾ, ಧೈರ್ಯ ಬಂತು’ ಅಂದ್ರು. ಅವನಿಗೆ ಚೆಂಡು ಕಾಣ್ತಾನೇ ಇರ್ಲಿಲ್ಲ. ನಂಗೆ ಗೊತ್ತಾಯ್ತು. ಆದ್ರೂ ಹಾಕ್ದೆ.”

ಬೆಳಗ್ಗೆ ಮನೆ ಒಡತಿ ಮೆಟ್ಟಿಲ ಕೆಳಗೆ ಹೆಣ ಕಂಡಳು. ಮಧ್ಯಾಹ್ನ ಡಾಲ್ಟ್ರಿ ವಿಲ್ಫ್‌ನನ್ನು ಕಾರಿನಲ್ಲಿ ಕೂರಿಸಿಕೊಂಡು ಹೇಳಬೇಕಾದ ಮಾತನ್ನು ಹೇಳಿಕೊಟ್ಟ. ಆಗಸ್ಟಿನಲ್ಲಿ ವಿಲ್ಫ್‌ಗೆ ಕೌಂಟಿ ಟೋಪಿ ಬಂತು.

ಮಿಸೆಸ್ ಕಿರ್ಬಿ ಕೊನೆಯ ಸಾಲು ಬರೆದು ಪೆನ್ಸಿಲ್ ಕೆಳಗಿಟ್ಟರು. “ಇದು ನನ್ನ ಹತ್ರ ಇಟ್ಕೊಳ್ಳೋ ವಿಷಯ ಅಲ್ಲ ಸ್ಪರ್ಲಿಂಗ್ ಅವರೇ.”

“ಗೊತ್ತು. ಅದಕ್ಕೇ ಹೇಳ್ದೆ.”

ಅವರು ಬರೆದ ಎರಡು ಹಾಳೆಗೆ ಅವನು ಸಹಿ ಹಾಕಿದ. ಅವರು ಅದರ ಪ್ರತಿಗಳನ್ನು ಕ್ಲಬ್ಬಿಗೂ ಪೊಲೀಸರಿಗೂ ಕಳಿಸಿದರು.

ಆಮೇಲಿನದೆಲ್ಲ ನಿಧಾನವಾಗಿ ಬಂತು, ಹೆಚ್ಚಿನದು ಕಾಗದದ ರೂಪದಲ್ಲಿ. ಹೊಸ ಪೆವಿಲಿಯನ್ನಿನಲ್ಲಿ ಏರ್ಪಡಿಸಲಿದ್ದ ಪ್ರದರ್ಶನದಲ್ಲಿ ಆ ಫೋಟೋ ಬೇಡ ಎಂದು ಕ್ಲಬ್ಬಿನ ಕಾಗದ. ವಿಲ್ಫ್‌ನ ವಿರುದ್ಧ ಮಾನನಷ್ಟದ ಎಚ್ಚರಿಕೆ ಹೊತ್ತ ವಕೀಲರ ಕಾಗದ. ಇಬ್ಬರು ಪೊಲೀಸರು ಮನೆಗೆ ಬಂದು, ಒಂದು ಬೆಳಗ್ಗೆಯಿಡೀ ಕೂತು ಬರೆದುಕೊಂಡರು. ಸುಳ್ಳು ಸಾಕ್ಷಿ ಎಷ್ಟು ಹಳೆಯದಾದರೂ ಸುಳ್ಳು ಸಾಕ್ಷಿಯೇ ಎಂದು ಎಚ್ಚರಿಸಿ ಹೋದರು. ಡಾಲ್ಟ್ರಿ ಹೇಳಿದ್ದು ನಿಜವಾಗಿತ್ತು: ಹಳೆಯ ಕಡತದಲ್ಲಿ ಅವನ ಹೆಸರು ಎಲ್ಲಿಯೂ ಇರಲಿಲ್ಲ. ಕೊಡೆ ಹಿಡಿದವನು ತಾನಲ್ಲ ಎಂದು ಅವನು ಹೇಳಿಕೆ ಕೊಟ್ಟ. ಹೊಸ ವರ್ಷದ ಹೊತ್ತಿಗೆ ಅನಾರೋಗ್ಯವೆಂದು ಅಧ್ಯಕ್ಷ ಪದವಿ ಬಿಟ್ಟ. ಹೊಸ ಪೆವಿಲಿಯನ್ನಿಗೆ ಅವನ ಹೆಸರಿಡಬೇಕೆಂದು ಮೊದಲೇ ಆಗಿದ್ದ ತೀರ್ಮಾನವನ್ನು ಮಾತ್ರ ಯಾರೂ ಬದಲಿಸಲಿಲ್ಲ. ಹಳೆಯ ಜೊತೆಗಾರರಲ್ಲಿ ಬದುಕಿದ್ದ ಒಬ್ಬ ಬೀದಿಯಲ್ಲಿ ಎದುರಾದಾಗ ವಿಲ್ಫ್‌ನನ್ನು ನೋಡಿ ರಸ್ತೆ ದಾಟಿದ.

ಫೆಬ್ರವರಿಯಲ್ಲಿ ಡೆನ್ಜಿಲ್‌ನ ತಂಗಿ ಬಂದಳು. ಮಿಸೆಸ್ ಕಿರ್ಬಿ ಎಲ್ಲೆಲ್ಲೋ ವಿಚಾರಿಸಿ ಅವಳನ್ನು ಹುಡುಕಿದ್ದರು. ಹೆಸರು ಥರ್ಜಾ. ಅಣ್ಣ ಸತ್ತಾಗ ಹನ್ನೆರಡು ವರ್ಷ. ಈಗ ನೆರೆತ ಕೂದಲಿನ, ಗಿಡ್ಡನೆಯ ಹೆಂಗಸು. ಓಣಿಯ ಮೇಜಿನ ಮುಂದೆ ನಿಂತು, ಕೊಟ್ಟ ಕುರ್ಚಿಯಲ್ಲಿ ಕೂರದೆ, ಫೋಟೋವನ್ನು ಬಹಳ ಹೊತ್ತು ನೋಡಿದಳು.

“ನಮ್ಮಪ್ಪ ಚಾಪೆಲ್ಲಿನಲ್ಲಿ ಉಪದೇಶ ಮಾಡ್ತಿದ್ರು,” ಎಂದಳು ತಲೆ ಎತ್ತದೆ. “ಕುಡಿತದ ವಿರುದ್ಧ. ನಮ್ಮನೇಲಿ ಔಷಧಿಗೂ ಬ್ರಾಂದಿ ಇರ್ತಿರ್ಲಿಲ್ಲ. ಇವನನ್ನ ಮಣ್ಣು ಮಾಡಿದ ಮೇಲೆ ಅಪ್ಪ ಮತ್ತೆ ಯಾವತ್ತೂ ಎದ್ದು ನಿಂತು ಮಾತಾಡ್ಲಿಲ್ಲ. ಅಮ್ಮ ಇವನ ಫೋಟೋನೆಲ್ಲ ಒಂದು ದಿಂಬಿನ ಚೀಲಕ್ಕೆ ಹಾಕಿ ಬಾಯಿ ಹೊಲಿದುಬಿಟ್ಲು. ಇವನ ಮುಖ ಹೇಗಿತ್ತು ಅನ್ನೋದೇ ನಂಗೆ ಮರೆತು ಹೋಗಿತ್ತು.” ಆಮೇಲೆ ವಿಲ್ಫ್‌ನತ್ತ ತಿರುಗಿದಳು. “ಅವನು ಕುಡಿಯಲ್ಲ ಅಂತ ನಿಮಗೆ ಗೊತ್ತಿತ್ತಾ?”

“ಗೊತ್ತಿತ್ತು. ಗೆದ್ದ ದಿನ ನಾವೆಲ್ಲ ಬಿಯರ್ ಕುಡಿದ್ರೆ ಅವನು ಶುಂಠಿ ಪಾನಕ ಕುಡಿಯೋನು. ನಾನೇ ಆಡ್ಕೋತಿದ್ದೆ.”

“ಆದ್ರೂ ಅದನ್ನೇ ಹೇಳಿದ್ರಿ.”

“ಅದನ್ನೇ ಹೇಳ್ದೆ.”

ಅವಳು ಅಳಲಿಲ್ಲ, ಬೈಯಲಿಲ್ಲ. “ಆ ಜಾಗ ತೋರ್ಸಿ,” ಎಂದಳು.

ನೆಟ್ಟುಗಳಿದ್ದ ಹಿತ್ತಿಲು ಈಗ ಸದಸ್ಯರು ಕಾರು ನಿಲ್ಲಿಸುವ ಜಾಗ. ಡಾಂಬರಿನ ಮೇಲೆ ಬಿಳಿ ಗೆರೆಗಳು. ಎದುರಿನ ಇಟ್ಟಿಗೆ ಗೋಡೆಯೊಂದೇ ಹಳೆಯದು. ಅದರ ಅಂದಾಜಿನ ಮೇಲೆ ವಿಲ್ಫ್ ಡೆನ್ಜಿಲ್ ನಿಂತಿದ್ದ ಕಡೆ ಕೈ ತೋರಿಸಿದ. ಥರ್ಜಾ ಹೋಗಿ ಸರಿಯಾಗಿ ಅಲ್ಲಿಯೇ ನಿಂತಳು, ಕೈಚೀಲವನ್ನು ಪಾದದ ಬಳಿ ಇಟ್ಟು.

“ನೀವೆಲ್ಲಿದ್ರಿ?”

ಅವನು ಅವಳಿಂದ ಇಪ್ಪತ್ತೆರಡು ಹೆಜ್ಜೆ ಅಳೆದು ತಿರುಗಿ ನಿಂತ. ಮಿಸೆಸ್ ಕಿರ್ಬಿ ಬಾಗಿಲಲ್ಲೇ ಉಳಿದಿದ್ದರು.

“ನನ್ನ ಮುಖ ಕಾಣ್ಸುತ್ತಾ ಅಲ್ಲಿಂದ?”

“ಕಾಣ್ಸುತ್ತೆ.”

“ಹಾಗಾದ್ರೆ ಅವನದೂ ಕಾಣ್ತಿತ್ತು.”

“ಕಾಣ್ತಿತ್ತು.”

“ಬೇಕು ಅಂತಾನೇ ಹಾಕಿದ್ರಾ?”

ಪೊಲೀಸರೂ ಇದನ್ನು ಕೇಳಿದ್ದರು. ಅವರಿಗೆ ಕೊಟ್ಟ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಕ್ಯಾಪ್ಟನ್ ಹೇಳಿದರು, ನಾನು ಮಾಡಿದೆ. ಅದನ್ನು ಹೇಳುವುದಕ್ಕೆ ಅವನಿಂದ ಆಗಲಿಲ್ಲ.

“ತಲೆಗೇ ಅಂತ ಅಲ್ಲ. ಹೆದರಿಸ್ಬೇಕು ಅಂತ. ಮೊದಮೊದಲು ಅವರು ಹೇಳಿದ್ರು ಅಂತ ಹಾಕ್ದೆ. ಆಮೇಲೆ…” ಭುಜ ನೋಯುತ್ತಿತ್ತು, ಇನ್ನೊಂದು ಕೈಯಿಂದ ಹಿಡಿದುಕೊಂಡ. “ಅವತ್ತು ಚೆಂಡು ಚೆನ್ನಾಗಿ ಏಳ್ತಿತ್ತು. ಹಾಗೆ ನಂಗೆ ಯಾವತ್ತೂ ಎದ್ದಿರ್ಲಿಲ್ಲ. ಖುಷಿ ಆಗ್ತಿತ್ತು. ಇದನ್ನ ಯಾರಿಗೂ ಹೇಳಿಲ್ಲ. ನನ್ನ ಹೆಂಡ್ತಿಗೂ ಹೇಳಿಲ್ಲ.”

ಥರ್ಜಾ ಅಲ್ಲಿಂದ ಕದಲಲಿಲ್ಲ. ಅವನನ್ನೇ ನೋಡುತ್ತ ನಿಂತಳು. ಅವಳಿಗೆ ಅಣ್ಣನ ಗದ್ದ ಇತ್ತು. ಅದು ಈಗ ಅವನ ಗಮನಕ್ಕೆ ಬಂತು. ಸದಸ್ಯರೊಬ್ಬರ ಕಾರು ಗೇಟಿನಿಂದ ಒಳಗೆ ಬಂದು, ದಾರಿಗೆ ಅಡ್ಡ ನಿಂತ ಇಬ್ಬರು ಮುದುಕರನ್ನು ಕಂಡು ನಿಂತಿತು. ಸ್ವಲ್ಪ ಕಾದು ಒಮ್ಮೆ ಹಾರ್ನ್ ಹೊಡೆಯಿತು. ಅವಳಾಗಿ ಹೆಜ್ಜೆ ಎತ್ತುವವರೆಗೆ ತಾನು ಎತ್ತುವಂತಿಲ್ಲ ಎಂದು ವಿಲ್ಫ್‌ಗೆ ಗೊತ್ತಿತ್ತು. ಅವಳು ಎತ್ತಲಿಲ್ಲ. ಹಾರ್ನ್ ಇನ್ನೊಮ್ಮೆ, ಉದ್ದಕ್ಕೆ ಕೂಗಿತು.